ಲೋಹಕಿಟ್ಟವೂ ಸಿಮೆಂಟೂ

ಕಬ್ಬಿಣದ ಅದಿರನ್ನು ಕರಗಿಸುವಾಗ ಲೋಹದಿಂದ ಬೇರ್ಪಟ್ಟು ಹೊರಬೀಳುವ ಕಲ್ಮಷಕ್ಕೆ ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ಕಿಟ್ಟವೆಂದೇ ಹೆಸರು. ಆಯುರ್ವೇದದ ರಸಗ್ರಂಥಗಳು ಇದನ್ನು ಮಂಡೂರವೆಂದು ಕರೆದು, ಶೋಧಿಸಿ ಭಸ್ಮಮಾಡಿ ಪಾಂಡುರೋಗವೇ ಮೊದಲಾದ ವ್ಯಾಧಿಗಳಲ್ಲಿ ಕೊಡಬೇಕೆಂದು ವಿಧಿಸಿವೆ. ಅವುಗಳ ಮತದಲ್ಲಿ ಕಿಟ್ಟವು ಹಳೆಯದಾದಷ್ಟೂ ಶ್ರೇಷ್ಠ. ನೂರು ವರ್ಷ ನೆಲದಲ್ಲಿ ಬಿದ್ದಿದ್ದುದು ಉತ್ತಮ, ಎಂಬತ್ತು ವರ್ಷದ್ದು ಮಧ್ಯಮ, ಅರುವತ್ತು ವರ್ಷದ್ದು ಅಧಮ. ಅದಕ್ಕೂ ಈಚಿನದು ವಿಷಕ್ಕೆ ಸಮಾನ. ವೈದ್ಯನೊಬ್ಬನನ್ನು ಬಿಟ್ಟರೆ ಮತ್ತಾರಿಗೂ ಅದು ಬೇಕಾದ ವಸ್ತುವಾಗಿರಲಿಲ್ಲ. ಪೂರ್ವದಲ್ಲಿ ಕಬ್ಬಿಣ ಕರಗಿಸುತ್ತಿದ್ದ ಊರುಗಳ ಹೊರಗೆ ಕಪ್ಪುಗಟ್ಟಿ ಬಿದ್ದಿರುವ ಕಿಟ್ಟದ ಗುಡ್ಡೆಗಳನ್ನು ನೇಗಿಲು ಸಹ ಮುಟ್ಟದೆ ಬಳಸಿಕೊಂಡು ಹೋಗುವುದುಂಟು.

ಇಂತಹ ಹೇಯವಸ್ತುವು ಕಳೆದ ಒಂದೂವರೆ ಶತಮಾನಕ್ಕೂ ಮಿಗಿಲಾದ ಕಾಲದಲ್ಲಿ ಸಿಮೆಂಟಿನೊಳಗೆ ಸೇರಿ ಅಣೆಕಟ್ಟು, ಸೇತುವೆ, ಬಂದರು, ಮನೆಗಳ ಅಸ್ತಿಭಾರವನ್ನು ಹೊತ್ತ ಸಂಗತಿಯು ಕೇವಲ ಕಾರ್ಖಾನೆಯವರಿಗೆ ಸಂಬಂಧಪಟ್ಟ ವಿಷಯವಲ್ಲ. ಅದಕ್ಕೆ ಆ ಪದವಿಯು ಸುಲಭವಾಗಿ ದೊರೆಯಲಿಲ್ಲ. ಕಲಬೆರಕೆಯೆಂಬ ಅಪವಾದವನ್ನು ಹೊತ್ತು, ಪ್ರತಿವಾದಿಗಳ ಎದುರಿಗೆ ನಿಂತು, ಪರೀಕ್ಷೆಗಳಲ್ಲಿ ಗೆದ್ದ ಮೇಲೆಯೇ ದೊರೆಯಿತು. ಇಂದಿಗೂ ಮನೆ ಕಟ್ಟಿಸುವ ಗೃಹಸ್ಥನು ಸಿಮೆಂಟಿನ ಚೀಲದ ಮೇಲೆ ‘ಸ್ಲ್ಯಾಗ್’ ಎಂದೋ ‘ಪೊಜ್ಜೊಲಾನ’ ಎಂದೋ ಬರೆದಿರುವುದನ್ನು ಕಂಡು, “ಇದರಲ್ಲಿ ಬೂದಿ ಕಲಸಿದ್ದಾರಂತೆ, ಹೌದೆ?” ಎಂದು ಮೇಸ್ತ್ರಿಯನ್ನು ಕೇಳುವನು. ಆ ಪ್ರಶ್ನೆಯು ಹೊಸದಲ್ಲ. ೧೮೮೦ರ ದಶಕದಲ್ಲಿ ಜರ್ಮನಿಯ ಪಂಡಿತರೂ ವರ್ತಕರೂ ಅದೇ ಪ್ರಶ್ನೆಯನ್ನೆತ್ತಿ ಬಹುಕಾಲ ಕಲಹಮಾಡಿದರು.

ಒಡಕುಮಡಕೆಗಳನ್ನು ಗಾರೆಗೆ ಬೆರಸುವುದು ಬಹು ಪ್ರಾಚೀನವಾದ ಪದ್ಧತಿ. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸನು ತನ್ನ ಗ್ರಂಥದಲ್ಲಿ, ಹೊಳೆಯ ಮರಳಿಗೆ ಮೂರನೆಯ ಒಂದು ಪಾಲಿನಷ್ಟು ಸುಟ್ಟ ಮಡಕೆಯ ಪುಡಿಯನ್ನು ಕುಟ್ಟಿ ಜರಡಿ ಹಿಡಿದು ಸೇರಿಸಿದರೆ ಗಾರೆಯು ಉತ್ತಮವಾಗುವುದೆಂದು ಹೇಳಿದ್ದಾನೆ. ಅದರ ಮುಂದಿನ ಅಧ್ಯಾಯದಲ್ಲಿ ವೆಸೂವಿಯಸ್ ಪರ್ವತದ ಸುತ್ತಲೂ ದೊರೆಯುವ ಒಂದು ಬಗೆಯ ಮಣ್ಣನ್ನು ವರ್ಣಿಸಿ, ಅದನ್ನು ಸುಣ್ಣದೊಡನೆ ಕಲಸಿ ಸಮುದ್ರದ ನೀರಿನೊಳಗೆ ಕಟ್ಟಿದರೂ ಅದು ಗಟ್ಟಿಯಾಗುವುದೆಂದು ಆಶ್ಚರ್ಯಪಟ್ಟಿದ್ದಾನೆ. ಅದು ಅಗ್ನಿಪರ್ವತವು ಉಗುಳಿದ ಬೂದಿ. ಪೊಜ್ಜುವೊಲಿ ಎಂಬ ಊರಿನ ಹೆಸರಿನಿಂದ ಅದಕ್ಕೆ ಪೊಜ್ಜೊಲಾನವೆಂಬ ಹೆಸರು ಬಂದಿತು. ರೋಮಾಪುರಿಯಲ್ಲಿ ಎರಡನೆಯ ಶತಮಾನದ ಪೂರ್ವಾರ್ಧದಲ್ಲಿ ಕಟ್ಟಿದ ಪ್ಯಾಂಥಿಯನ್ ದೇವಾಲಯದ ಗುಮ್ಮಟವು ಇಂತಹ ಗಾರೆಯ ಬಲದಿಂದಲೇ ಇಂದಿಗೂ ನಿಂತಿದೆ.

ಭರತಖಂಡದಲ್ಲಿ ಈ ಸ್ಥಾನವು ಇಟ್ಟಿಗೆಯ ಪುಡಿಗೆ, ಎಂದರೆ ಸುರ್ಕಿಗೆ, ಸಂದಿತು. ವಾಸ್ತುವಿಷಯದಲ್ಲಿ ಪ್ರಾಚೀನರ ವಜ್ರಲೇಪವನ್ನು ಹೊಗಳುವವರು ಅನೇಕರಿದ್ದಾರೆ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಹೇಳಿರುವ ಆ ಲೇಪವಾದರೋ ಕಾಯಿ, ಹೂವು, ಬೀಜ, ಅಂಟುಗಳ ಕಷಾಯದಿಂದ ಆಗತಕ್ಕದ್ದು. ಅದರ ಜಾತಿಯೇ ಬೇರೆ. ಅದನ್ನು ಸಿಮೆಂಟಿನ ಪೂರ್ವಜನೆಂದು ಹೇಳುವುದು ಅಭಿಮಾನವೇ ಹೊರತು ವಿಚಾರವಲ್ಲ. ನಿಜವಾದ ಪೂರ್ವಜನು ಎತ್ತು ಕಟ್ಟಿದ ಗಾಣದ ದೋಣಿಯಲ್ಲಿ ಸುಣ್ಣದೊಡನೆ ಅರೆಯಲ್ಪಡುತ್ತಿದ್ದ ಕೆಂಪುಪುಡಿಯೇ. ಗೂಡಿನಲ್ಲಿ ಒಡೆದ ಇಟ್ಟಿಗೆ, ಹಳೆಯ ಕಟ್ಟಡದ ಚೂರು, ಹಂಚಿನ ಚೂರು ಇವುಗಳನ್ನು ಕುಟ್ಟಿ ಸಣ್ಣ ಕೆಲಸಗಳಿಗೆ ಉಪಯೋಗಿಸುತ್ತಿದ್ದರು. ದೊಡ್ಡ ಅಣೆಕಟ್ಟುಗಳಿಗೆ ಮಾತ್ರ ಜೇಡಿಯನ್ನು ಬೇಕೆಂದೇ ಸುಟ್ಟು ಪುಡಿಮಾಡುತ್ತಿದ್ದರು. ಮೈಸೂರು ಸೀಮೆಯ ಮಾರಿಕಣಿವೆಯಲ್ಲಿ ೧೯೦೭ರಲ್ಲಿ ಮುಗಿದ ವಾಣೀವಿಲಾಸ ಸಾಗರವೂ, ೧೯೧೧ರಲ್ಲಿ ಪ್ರಾರಂಭವಾದ ಕೃಷ್ಣರಾಜಸಾಗರವೂ ಸುಣ್ಣ ಸುರ್ಕಿಗಳ ಗಾರೆಯಿಂದಲೇ ಎದ್ದವು. ಕೃಷ್ಣರಾಜಸಾಗರದ ಕಟ್ಟೆಯು ಸುಮಾರು ೮೬೦೦ ಅಡಿ ಉದ್ದವೂ ೧೩೦ ಅಡಿ ಎತ್ತರವೂ ಉಳ್ಳದ್ದು. ಆಗ ಸಿಮೆಂಟು ಬಹುಮಟ್ಟಿಗೆ ಹಡಗಿನಲ್ಲಿ ಬರುತ್ತಿದ್ದ ಸರಕು. ಅಷ್ಟು ದೊಡ್ಡ ಕೆಲಸಕ್ಕೆ ಅದನ್ನು ತರಿಸುವುದೆಂದರೆ ಬೊಕ್ಕಸಕ್ಕೆ ಭಾರವಾಗುತ್ತಿತ್ತು.

ಸುಟ್ಟ ಜೇಡಿಗೆ ಈ ಶಕ್ತಿಯು ಎಲ್ಲಿಂದ ಬಂದಿತು? ಬರಿಯ ಸುಣ್ಣದ ಗಾರೆಯು ಗಾಳಿಯಿಂದ ಅಂಗಾರಾಮ್ಲವನ್ನು ಎಳೆದುಕೊಂಡು ಮೆಲ್ಲಮೆಲ್ಲನೆ ಕಲ್ಲಾಗುತ್ತದೆ. ಗಾಳಿಯಿಲ್ಲದ ನೀರಿನೊಳಗೆ ಅದು ಮೆತ್ತಗೇ ಉಳಿಯುವುದು. ಜೇಡಿಯನ್ನು ಹದವಾಗಿ ಸುಟ್ಟಾಗ ಅದರಲ್ಲಿರುವ ಸಿಲಿಕ ಮತ್ತು ಅಲ್ಯುಮಿನಗಳು ತಮ್ಮ ಹಳೆಯ ಕಟ್ಟನ್ನು ಕಳಚಿಕೊಂಡು ಸುಣ್ಣದೊಡನೆ ಕೂಡಲು ಸಿದ್ಧವಾಗುತ್ತವೆ. ಆ ಕೂಟಕ್ಕೆ ಗಾಳಿ ಬೇಕಾಗಿಲ್ಲ, ನೀರೇ ಬೇಕು. ಅಗ್ನಿಪರ್ವತದ ಬೂದಿಯ ಗುಣವೂ ಇದೇ. ಕಾರಣವನ್ನರಿಯದಿದ್ದರೂ ಗಾರೆಯ ಕೆಲಸದವರು ಕಾರ್ಯವನ್ನು ಚೆನ್ನಾಗಿ ಅರಿತಿದ್ದರು.

ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಸ್ಮೀಟನನು ಸಮುದ್ರಮಧ್ಯದ ಎಡ್ಡಿಸ್ಟೋನ್ ಬಂಡೆಯ ಮೇಲೆ ದೀಪಸ್ತಂಭವನ್ನು ಕಟ್ಟುವಾಗ ನಾನಾ ಸ್ಥಳದ ಸುಣ್ಣಗಳನ್ನು ಪರೀಕ್ಷಿಸಿ, ಜೇಡಿಯ ಅಂಶವುಳ್ಳ ಸುಣ್ಣಕಲ್ಲಿಗೆ ನೀರಿನಲ್ಲಿ ಗಟ್ಟಿಯಾಗುವ ಗುಣವುಂಟೆಂಬುದನ್ನು ಕಂಡನು. ಆ ಸ್ತಂಭವು ೧೭೫೯ರಲ್ಲಿ ಮುಗಿಯಿತು. ೧೮೨೪ರಲ್ಲಿ ಲೀಡ್ಸ್ ನಗರದ ಇಟ್ಟಿಗೆ ಕೆಲಸಗಾರ ಜೋಸೆಫ್ ಆಸ್ಪ್‌ಡಿನನು ಸುಣ್ಣಕಲ್ಲನ್ನೂ ಜೇಡಿಯನ್ನೂ ಕೂಡಿಸಿ ಸುಟ್ಟ ಪುಡಿಗೆ ಸನ್ನದನ್ನು ಪಡೆದು, ಪೋರ್ಟ್‌ಲ್ಯಾಂಡಿನ ಪ್ರಸಿದ್ಧವಾದ ಕಟ್ಟಡದ ಕಲ್ಲನ್ನು ಹೋಲುವುದೆಂದು ಅದಕ್ಕೆ ಪೋರ್ಟ್‌ಲ್ಯಾಂಡ್ ಸಿಮೆಂಟು ಎಂದು ಹೆಸರಿಟ್ಟನು. ಹೆಸರು ಉಪಮೆಯಿಂದ ಹುಟ್ಟಿದ್ದು. ಮುಂದೆ ಅದೇ ಕುಲನಾಮವಾಗಿ, ಅದಕ್ಕಾಗಿ ಜಗಳವಾಡುವಷ್ಟು ಬೆಲೆ ಬಂದಿತು. ಈಗಿನ ರೀತಿಯಲ್ಲಿ ಈ ಮಿಶ್ರವನ್ನು ಸುಮಾರು ೧೪೫೦ ಸೆಂಟಿಗ್ರೇಡಿನವರೆಗೆ ಕಾಯಿಸಿ, ಕರಗಿ ಗುಂಡುಗುಂಡಾಗಿ ಹೆಪ್ಪುಗಟ್ಟಿದ ಕ್ಲಿಂಕರೆಂಬ ಗಟ್ಟಿಯನ್ನು ಸ್ವಲ್ಪ ಜಿಪ್ಸಮ್ಮಿನೊಡನೆ ನುಣ್ಣಗೆ ಅರೆಯುತ್ತಾರೆ.

ಇತ್ತ ಅದೇ ಶತಮಾನದಲ್ಲಿ ಕಬ್ಬಿಣದ ಊದುಕುಲುಮೆಗಳು ಗೋಪುರದೆತ್ತರಕ್ಕೆ ಬೆಳೆದವು. ಕುಲುಮೆಗೆ ಅದಿರನ್ನೂ ಕೋಕನ್ನೂ ಹಾಕುವಾಗ ಅವುಗಳೊಡನೆ ಸುಣ್ಣಕಲ್ಲನ್ನೂ ಹಾಕುತ್ತಾರೆ. ಅದಿರಿನಲ್ಲಿರುವ ಮರಳು ಮಣ್ಣುಗಳೂ ಕೋಕಿನ ಬೂದಿಯೂ ಆ ಸುಣ್ಣದೊಡನೆ ಕೂಡಿ ಕರಗಿ, ಹಾಲಿನ ಮೇಲೆ ಕೆನೆಯಂತೆ ಕಬ್ಬಿಣದ ಮೇಲೆ ತೇಲುತ್ತವೆ. ಇದೇ ಹೊಸಕಾಲದ ಕಿಟ್ಟ. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಪ್ರಾಚೀನ ಕಮ್ಮಾರನ ಪುಟ್ಟ ಕುಲುಮೆಯ ಕಿಟ್ಟದಲ್ಲಿ ಕಬ್ಬಿಣದ ಅಂಶವೇ ಬಹಳ, ಸುಣ್ಣದ ಅಂಶ ಅತ್ಯಲ್ಪ. ವೈದ್ಯನಿಗೆ ಅದು ಸಲ್ಲುವುದು, ಗಾರೆಗೆ ಸಲ್ಲದು. ಊದುಕುಲುಮೆಯ ಕಿಟ್ಟದಲ್ಲಾದರೋ ನೂರಕ್ಕೆ ಸುಮಾರು ೪೦ ಪಾಲು ಸುಣ್ಣ, ೩೫ ಪಾಲು ಸಿಲಿಕ, ಹತ್ತು ಹದಿನೈದು ಪಾಲು ಅಲ್ಯುಮಿನ. ಸಿಮೆಂಟಿನಲ್ಲಿರುವುದೂ ಇವೇ ದ್ರವ್ಯಗಳು. ಅಲ್ಲಿ ಸುಣ್ಣವು ಅರುವತ್ತಕ್ಕೂ ಮಿಗಿಲು. ಸಿಮೆಂಟೂ ಕಿಟ್ಟವೂ ದಾಯಾದಿಗಳೆಂದರೆ ತಪ್ಪಾಗದು.

ಈ ದಾಯಾದಿತನವು ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಇಂಗ್ಲೆಂಡಿನ ಕಬ್ಬಿಣದ ಸೀಮೆಗಳಲ್ಲಿ ಕಿಟ್ಟವನ್ನು ಬಂಡಿಗಳಲ್ಲಿ ಒಯ್ದು ಸುರಿದು ಬೆಟ್ಟಗಳನ್ನೇ ಬೆಳೆಸಿದರು. ಒಳ್ಳೆಯ ಹೊಲಗದ್ದೆಗಳು ಅದರಡಿಯಲ್ಲಿ ಹೂತುಹೋದವು. ಕೆಲವು ಕಡೆ ರಸ್ತೆಗೆ ಜಲ್ಲಿಯಾಗಿಯೂ, ಅಚ್ಚಿನಲ್ಲಿ ಎರೆದು ಹಾಸುಗಲ್ಲಾಗಿಯೂ ಅದನ್ನು ಬಳಸಿದರು. ಆದರೆ ಹುಟ್ಟುತ್ತಿದ್ದ ರಾಶಿಯ ಮುಂದೆ ಆ ಬಳಕೆಯು ಸಮುದ್ರದಿಂದ ಒಂದು ಕೊಡ ನೀರು ಮೊಗೆದಂತೆ.

೧೮೬೨ರಲ್ಲಿ ಜರ್ಮನಿಯ ಟ್ರೋಯಿಸ್‌ಡಾರ್ಫ್ ಎಂಬಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಎಮಿಲ್ ಲಾಂಗೆನನು ಕುದಿಯುವ ಕಿಟ್ಟವನ್ನು ನೀರಿಗೆ ಹರಿಯಬಿಟ್ಟನು. ಹಾಗೆ ಮಾಡಿದರೆ ಅದು ಬಂಡೆಯಾಗಿ ಹೆಪ್ಪುಗಟ್ಟದೆ ಮರಳಿನಂತೆ ಸಿಡಿದು ಕಾಳುಕಾಳಾಗುವುದು, ಹೊತ್ತುಹಾಕುವುದು ಸುಲಭ. ಆ ಮರಳನ್ನು ಸುಣ್ಣದೊಡನೆ ಕಲಸಿದಾಗ ಅದು ನೀರಿನಲ್ಲಿಯೂ ಗಟ್ಟಿಯಾಗುವ ಗಾರೆಯಾಯಿತು. ಅದೇ ಕಿಟ್ಟವನ್ನು ಗುಡ್ಡೆಯಲ್ಲಿ ತಾನಾಗಿ ಆರಗೊಟ್ಟು ಆಮೇಲೆ ಕುಟ್ಟಿ ಪುಡಿಮಾಡಿದರೆ ಈ ಗುಣವಿಲ್ಲ. ದ್ರವ್ಯವು ಒಂದೇ, ಗುಣವು ಬೇರೆ. ಇದರ ಮರ್ಮವೇನೆಂದರೆ, ಮೆಲ್ಲನೆ ಆರುವಾಗ ಕಿಟ್ಟದ ಕಣಗಳಿಗೆ ಸಾವಕಾಶ ದೊರೆತು, ಅವು ತಮ್ಮ ತಮ್ಮ ಸ್ಥಾನಗಳಲ್ಲಿ ಸಾಲಾಗಿ ಕುಳಿತು ಹರಳುಗಟ್ಟಿ ಜಡವಾಗುತ್ತವೆ. ಥಟ್ಟನೆ ತಣಿಸಿದರೆ ಆ ಸಾವಕಾಶವಿಲ್ಲದೆ, ಕಲಕಿದ ಸ್ಥಿತಿಯಲ್ಲಿಯೇ ಗಾಜಾಗಿ ನಿಲ್ಲುತ್ತವೆ. ಹಾಗೆ ನೆಲೆಗೊಳ್ಳದೆ ನಿಂತ ಗಾಜಿನಲ್ಲಿಯೇ ಶಕ್ತಿಯು ಅಡಗಿರುವುದು. ವೈದ್ಯನ ಕಿಟ್ಟವು ನೂರು ವರ್ಷ ಕಾಯಬೇಕು. ಗಾರೆಯ ಕಿಟ್ಟವಾದರೋ ಒಂದು ನಿಮಿಷವೂ ಕಾಯಬಾರದು.

ಮುಂದಿನ ಕೆಲವೇ ವರ್ಷಗಳಲ್ಲಿ ಸುಣ್ಣ ಕಿಟ್ಟಗಳ ಸಿಮೆಂಟು ಜರ್ಮನಿಯಲ್ಲಿ ವ್ಯಾಪಾರದ ಸರಕಾಯಿತು. ಅದು ಅಗ್ಗದ ಸರಕೆಂದೇ ಪ್ರಸಿದ್ಧಿ. ಪೋರ್ಟ್‌ಲ್ಯಾಂಡಿನ ಪಂಕ್ತಿಯಲ್ಲಿ ಅದಕ್ಕೆ ಮಣೆಯಿರಲಿಲ್ಲ. ಆದುದರಿಂದ ಯಾರಿಗೂ ಅದರ ಮೇಲೆ ಮತ್ಸರವೂ ಇರಲಿಲ್ಲ. ೧೮೮೨ರ ಸುಮಾರಿಗೆ ಗಾಡ್‌ಹಾರ್ಡ್ ಪ್ರೂಸ್ಸಿಂಗನು ಕಿಟ್ಟದ ಮರಳನ್ನು ಸುಣ್ಣಕ್ಕಲ್ಲದೆ ಪೋರ್ಟ್‌ಲ್ಯಾಂಡ್ ಸಿಮೆಂಟಿಗೇ ಬೆರಸಿ ಅರೆದಾಗ ವ್ಯಾಜ್ಯವು ಪ್ರಾರಂಭವಾಯಿತು.

ಜರ್ಮನಿಯ ಸಿಮೆಂಟು ತಯಾರಕರು ೧೮೭೭ರಲ್ಲಿಯೇ ಒಂದು ಸಂಘವನ್ನು ಕಟ್ಟಿಕೊಂಡಿದ್ದರು. ಸಿಮೆಂಟಿಗೆ ಇಷ್ಟು ನುಣುಪು, ಇಷ್ಟು ಬಲವಿರಬೇಕೆಂಬ ಕಟ್ಟಳೆಗಳು ಅವರ ಪ್ರಯತ್ನದಿಂದ ಮರುವರ್ಷವೇ ಹೊರಟವು. ಕೊಳ್ಳುವವರ ನಂಬಿಕೆಯನ್ನು ಸಂಪಾದಿಸಲು ಪಾಡುಪಟ್ಟ ಆ ಸಂಘದವರಿಗೆ ಕಿಟ್ಟದ ಬೆರಕೆಯು ಮೋಸವಾಗಿ ಕಂಡಿತು. ಬೆಂದ ಕ್ಲಿಂಕರಿಗೆ ಬೇಯದ ಅನ್ಯದ್ರವ್ಯವನ್ನು ಸೇರಿಸಿ ಪೋರ್ಟ್‌ಲ್ಯಾಂಡೆಂದು ಮಾರುವುದು ಹಾಲಿಗೆ ನೀರು ಬೆರಸಿ ಹಾಲೆಂದು ಮಾರಿದಂತೆ ಎಂಬುದು ಅವರ ವಾದದ ತಾತ್ಪರ್ಯ. ಇಂತಹ ಬೆರಕೆಯನ್ನು ಪೋರ್ಟ್‌ಲ್ಯಾಂಡೆಂಬ ಹೆಸರಿನಲ್ಲಿ ಮಾರತಕ್ಕದ್ದಲ್ಲವೆಂದು ಸಂಘವು ನಿರ್ಣಯಿಸಿತು.

ಈ ವಾದವನ್ನು ಬರಿಯ ವರ್ತಕಬುದ್ಧಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅಂದಿನ ಮಾರುಕಟ್ಟೆಯಲ್ಲಿ ಕಂಡ ಕಂಡ ಪುಡಿಯನ್ನು ಸಿಮೆಂಟಿಗೆ ಬೆರಸುವವರು ಇದ್ದೇ ಇದ್ದರು. ಹದವಾಗಿ ತಣಿಸಿದ ಕಿಟ್ಟದ ಪುಡಿಗೂ ಗುಡ್ಡೆಯ ಜಡಕಿಟ್ಟದ ಪುಡಿಗೂ ಬರಿಗಣ್ಣಿಗೆ ಭೇದವು ಕಾಣದು. ಒಂದಕ್ಕೆ ಬಾಗಿಲು ತೆರೆದರೆ ಎಲ್ಲವೂ ಒಳಗೆ ನುಗ್ಗುವುದೆಂಬ ಭಯವು ನಿರಾಧಾರವಾಗಿರಲಿಲ್ಲ. ಅದೂ ಅಲ್ಲದೆ, ಬೆರಸುವವರಲ್ಲಿ ಕೆಲವರು ಕೊಳ್ಳುವವನಿಗೆ ತಿಳಿಸದೆಯೇ ಬೆರಸುತ್ತಿದ್ದರು. ಗುಣವಿದ್ದರೂ ಮುಚ್ಚಿಟ್ಟು ಮಾರಿದ ವಸ್ತುವು ಸಂಶಯಕ್ಕೆ ಎಡೆಯಾಗುವುದು ಸಹಜ.

ಪ್ರತಿಪಕ್ಷದಲ್ಲಿ ವಿಲ್‌ಹೆಲ್ಮ್ ಮಿಖಾಯೆಲಿಸ್ ಎಂಬ ರಸಾಯನಶಾಸ್ತ್ರಜ್ಞನು ನಿಂತನು. ಸುಣ್ಣದೊಡನೆ ಕೂಡಬಲ್ಲ ಸಿಲಿಕದ ಪದಾರ್ಥವನ್ನು ಪೋರ್ಟ್‌ಲ್ಯಾಂಡಿಗೆ ಸೇರಿಸಿದರೆ ಅದು ಕೆಡುವುದಿಲ್ಲ, ಉತ್ತಮವಾಗುವುದೆಂಬುದೇ ಅವನ ಪಕ್ಷ. ಇದಕ್ಕೆ ಬೇಕಾದ ಪ್ರಮಾಣವು ಫ್ರಾನ್ಸಿನಿಂದ ದೊರೆಯಿತು. ೧೮೮೭ರಲ್ಲಿ ಹೆನ್ರಿ ಲ ಶಾಟೆಲ್ಯೇ ಎಂಬ ಪಂಡಿತನು ಸಿಮೆಂಟಿನ ಘಟಕಗಳನ್ನು ಸೂಕ್ಷ್ಮದರ್ಶಕದಿಂದ ವಿಂಗಡಿಸಿ ತೋರಿಸಿ, ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಯಾಗುವಾಗ ಅದರಿಂದ ಸುಣ್ಣವು ಬಿಡುಗಡೆಯಾಗುವುದೆಂಬುದನ್ನು ವಿವರಿಸಿದನು. ಹೀಗೆ ಬಿಡುಗಡೆಯಾದ ಸುಣ್ಣವು ಕಾಂಕ್ರೀಟಿನ ಸಂದುಗಳಲ್ಲಿ ಕೆಲಸವಿಲ್ಲದೆ ಕುಳಿತಿರುತ್ತದೆ. ಸಮುದ್ರದ ನೀರೋ ಹುಳಿನೀರೋ ಮೊದಲು ಕೊರೆಯುವುದು ಅದನ್ನೇ. ಕಿಟ್ಟದ ಗಾಜನ್ನು ಎಚ್ಚರಿಸತಕ್ಕದ್ದೂ ಈ ಸುಣ್ಣವೇ. ಹೊಟ್ಟೆಯಲ್ಲಿ ಶಕ್ತಿಯಿದ್ದರೂ ಕಿಟ್ಟವು ತಾನಾಗಿ ನೀರಿನಲ್ಲಿ ಏಳದು. ಸುಣ್ಣದಂತಹ ಕ್ಷಾರದ್ರವ್ಯವು ಮುಟ್ಟಿದೊಡನೆ ಏಳುವುದು. ಎದ್ದು ಕಾಂಕ್ರೀಟಿನ ರಂಧ್ರಗಳನ್ನು ತನ್ನಿಂದ ಹುಟ್ಟಿದ ಹೊಸ ಅಂಟಿನಿಂದ ತುಂಬುವುದು. ಕ್ಲಿಂಕರಿನ ಹೆಚ್ಚಳವು ಕಿಟ್ಟದ ಕೊರತೆಯನ್ನು ನೀಗುವುದು.

ಉಪಪತ್ತಿಯಿಂದ ವ್ಯಾಜ್ಯವು ತೀರಲಿಲ್ಲ, ಪ್ರತ್ಯಕ್ಷಪ್ರಮಾಣವೇ ಬೇಕಾಯಿತು. ೧೯೦೧ರಲ್ಲಿ ಕಿಟ್ಟ ಬೆರಸುವ ಕಾರ್ಖಾನೆಗಳವರು ತಮ್ಮದೇ ಒಂದು ಸಂಘವನ್ನು ಕಟ್ಟಿ, ತಮ್ಮ ಸರಕನ್ನು ಪೋರ್ಟ್‌ಲ್ಯಾಂಡೆಂದು ಕರೆಯುವುದನ್ನು ಬಿಟ್ಟು ‘ಐಸೆನ್ ಪೋರ್ಟ್‌ಲ್ಯಾಂಡ್’, ಎಂದರೆ ಕಬ್ಬಿಣದ ಪೋರ್ಟ್‌ಲ್ಯಾಂಡ್, ಎಂದು ಬಹಿರಂಗವಾಗಿ ಹೆಸರಿಟ್ಟರು. ಕಿಟ್ಟದ ಪಾಲು ನೂರಕ್ಕೆ ೩೦ನ್ನು ಮೀರಕೂಡದೆಂದು ತಮಗೆ ತಾವೇ ಕಟ್ಟು ವಿಧಿಸಿಕೊಂಡರು. ವಾದದಲ್ಲಿ ಅವರು ಗೆಲ್ಲಲು ಕುಲುಮೆಯ ವಿದ್ಯೆಯಷ್ಟೇ ಈ ಹೆಜ್ಜೆಯೂ ಕಾರಣವಾಯಿತೆಂದು ತೋರುತ್ತದೆ. ಬೆರಕೆಯನ್ನು ಚೀಲದ ಮೇಲೆಯೇ ಬರೆದು ಅಳತೆಯನ್ನು ಗೊತ್ತುಮಾಡಿದ ಮೇಲೆ ಅದನ್ನು ಮೋಸವೆನ್ನಲು ಎಡೆಯುಳಿಯಲಿಲ್ಲ. ಕಳಪೆಯೋ ಅಲ್ಲವೋ ಎಂಬ ಪ್ರಶ್ನೆಯೊಂದೇ ಉಳಿಯಿತು. ಅದು ಪರೀಕ್ಷಾಲಯದಲ್ಲಿ ತೀರಬಲ್ಲ ಪ್ರಶ್ನೆ. ಅಚ್ಚುಗಳನ್ನು ಗಾಳಿಯಲ್ಲಿಯೂ ನೀರಿನಲ್ಲಿಯೂ ಇಟ್ಟು, ದಿನಗಳು ತಿಂಗಳುಗಳು ವರ್ಷಗಳು ಕಳೆದಂತೆ ಒಡೆದೊಡೆದು ನೋಡಿದರು. ೧೯೦೯ರಲ್ಲಿ ಪ್ರಷ್ಯ ಸರ್ಕಾರವು ಐಸೆನ್ ಪೋರ್ಟ್‌ಲ್ಯಾಂಡನ್ನು ಪೋರ್ಟ್‌ಲ್ಯಾಂಡಿಗೆ ಸಮಾನವೆಂದು ಅಂಗೀಕರಿಸಿತು. ೧೯೧೭ರಲ್ಲಿ, ಮಹಾಯುದ್ಧದ ನಡುವೆ, ನೂರಕ್ಕೆ ೮೫ರವರೆಗೆ ಕಿಟ್ಟವುಳ್ಳ ‘ಹೋಖ್ ಓಫೆನ್’ ಸಿಮೆಂಟಿಗೂ ಅಂಗೀಕಾರವು ದೊರೆಯಿತು. ಮೊದಲು ಪಂಕ್ತಿಯಲ್ಲಿ ಮಣೆಯೇ ಇಲ್ಲದಿದ್ದವನು ಈಗ ಎಲೆಯ ಮುಕ್ಕಾಲುಪಾಲನ್ನೂ ಮೀರಿ ಆಕ್ರಮಿಸಿದನು.

ಅಮೆರಿಕದವರು ಬೇರೆ ದಾರಿಯನ್ನು ಹಿಡಿದರು. ಷಿಕಾಗೋ ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನವು ಮುಗಿಯುವ ಹೊತ್ತಿಗೆ ಕಿಟ್ಟವನ್ನು ಜೇಡಿಗೆ ಬದಲಾಗಿ ಸುಣ್ಣಕಲ್ಲಿನೊಡನೆ ಗೂಡಿಗೇ ಹಾಕಿ ಸುಟ್ಟು ಕ್ಲಿಂಕರ್ ಮಾಡತೊಡಗಿದರು. ಹೀಗೆ ಮಾಡಿದರೆ ಹೆಸರಿನ ತಕರಾರಿಲ್ಲ, ಏಕೆಂದರೆ ಬೆಂದು ಹೊರಬಂದದ್ದು ಅಪ್ಪಟ ಪೋರ್ಟ್‌ಲ್ಯಾಂಡೇ. ಆದರೆ ಒಮ್ಮೆ ಬೆಂದುದನ್ನು ಮರಳಿ ಬೇಯಿಸಲು ಕಲ್ಲಿದ್ದಲು ವೆಚ್ಚವಾಗುವುದು. ಇಂಗ್ಲೆಂಡಿನವರು ೧೯೨೩ರಲ್ಲಿ ಕಿಟ್ಟದ ಸಿಮೆಂಟಿಗೆ ಪ್ರತ್ಯೇಕವಾದ ಮಾನಕವನ್ನು ಹೊರಡಿಸಿದರು.

ಅದೇ ೧೯೨೩ರ ಜನವರಿಯಲ್ಲಿ ಮೈಸೂರು ಸಂಸ್ಥಾನದ ಭದ್ರಾವತಿಯಲ್ಲಿ, ಕೆಮ್ಮಣ್ಣುಗುಂಡಿಯ ಅದಿರಿನಿಂದಲೂ ಮಲೆನಾಡಿನ ಮರದ ಇದ್ದಿಲಿನಿಂದಲೂ, ಕಬ್ಬಿಣದ ಕಾರ್ಖಾನೆಯು ಉತ್ಪಾದನೆಯನ್ನು ಪ್ರಾರಂಭಿಸಿತು. ೧೯೩೦ರ ದಶಕದ ಕೊನೆಯ ಹೊತ್ತಿಗೆ ಅದೇ ಆವರಣದಲ್ಲಿ ಸಿಮೆಂಟಿನ ಗೂಡೂ ಹೊಗೆಯಾಡಿತು. ಭರತಖಂಡದಲ್ಲಿ ಸಿಮೆಂಟು ಮಾಡುವ ಪ್ರಯತ್ನವು ೧೯೦೪ರಲ್ಲಿ ಮದರಾಸಿನಲ್ಲಿ ಪ್ರಾರಂಭವಾಗಿ, ೧೯೧೪ರಲ್ಲಿ ಪೋರಬಂದರಿನಲ್ಲಿ ನೆಲೆಯೂರಿತ್ತು. ಜಮಶೇದಪುರದ ಟಾಟಾ ಕಾರ್ಖಾನೆಯು ೧೯೧೧ರಲ್ಲಿಯೇ ಕಬ್ಬಿಣವನ್ನು ಹರಿಯಿಸಿದ್ದರೂ ಅಲ್ಲಿನ ಕಿಟ್ಟಕ್ಕೆ ಸಿಮೆಂಟಿನ ಭಾಗ್ಯವು ತೆರೆದದ್ದು ಸ್ವಾತಂತ್ರ್ಯಾನಂತರ, ಸಿಂಗಭೂಮಿಯ ಚಾಯಿಬಾಸಾ ಬಳಿಯ ಕಾರ್ಖಾನೆಯಲ್ಲಿ. ೧೯೫೩ರಲ್ಲಿ ಭಾರತೀಯ ಮಾನಕ ಸಂಸ್ಥೆಯು ಕಿಟ್ಟದ ಸಿಮೆಂಟಿಗೆ ೪೫೫ನೆಯ ಸಂಖ್ಯೆಯ ಮಾನಕವನ್ನು ಗೊತ್ತುಮಾಡಿತು. ಇಂದು ಅದರ ಪ್ರಕಾರ ಕಿಟ್ಟವು ನೂರಕ್ಕೆ ೨೫ರಿಂದ ೭೦ರವರೆಗೆ ಇರಬಹುದು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಕಿಟ್ಟವು ಮಗ್ಗುಲಿನಲ್ಲಿಯೇ ಸಿಮೆಂಟಾಗಿ ಚೀಲ ಸೇರುತ್ತಿದೆ.

ಕಿಟ್ಟದ ಹಿಂದೆಯೇ ಬಂದದ್ದು ಹಾರುಬೂದಿ. ವಿದ್ಯುದಾಗಾರಗಳಲ್ಲಿ ಕಲ್ಲಿದ್ದಲನ್ನು ಹಿಟ್ಟಿನಂತೆ ಅರೆದು ಗಾಳಿಯಲ್ಲಿ ಊದಿ ಉರಿಸುವ ಕ್ರಮವು ಬಂದಾಗ, ಅದರ ಬೂದಿಯು ಹೊಗೆಯೊಡನೆ ಹಾರಿಹೋಗುವಷ್ಟು ಸೂಕ್ಷ್ಮವಾಯಿತು. ಉರಿಯಲ್ಲಿ ಕರಗಿ, ಹೊಗೆಯಲ್ಲಿ ಥಟ್ಟನೆ ಆರಿ, ಪ್ರತಿಯೊಂದು ಕಣವೂ ಗಾಜಿನ ಗೋಲಿಯಾಗುತ್ತದೆ. ಅಗ್ನಿಪರ್ವತವು ಮಾಡಿದ ಕೆಲಸವನ್ನೇ ಇಲ್ಲಿ ಒಲೆಯು ಮಾಡಿತು. ೧೯೩೭ರಲ್ಲಿ ಕ್ಯಾಲಿಫೋರ್ನಿಯದ ವಿಶ್ವವಿದ್ಯಾಲಯದ ಡೇವಿಸ್ ಎಂಬ ಆಚಾರ್ಯನೂ ಅವನ ಸಹೋದ್ಯೋಗಿಗಳೂ ಈ ಬೂದಿಯ ಗುಣಗಳನ್ನು ಪ್ರಕಟಿಸಿದರು. ೧೯೪೮ರಿಂದ ೧೯೫೩ರವರೆಗೆ ಮಾಂಟಾನ ಪ್ರಾಂತದಲ್ಲಿ ಕಟ್ಟಿದ ಹಂಗ್ರಿ ಹಾರ್ಸ್ ಅಣೆಕಟ್ಟಿಗೆ ಲಕ್ಷ ಟನ್ನಿಗೂ ಮಿಗಿಲಾಗಿ ಅದನ್ನು ಹಾಕಿದರು. ಇದರಲ್ಲಿ ಉಳಿತಾಯವಲ್ಲದೆ ಇನ್ನೊಂದು ಉದ್ದೇಶವೂ ಇತ್ತು. ಸಿಮೆಂಟು ಗಟ್ಟಿಯಾಗುವಾಗ ಶಾಖವನ್ನು ಬಿಡುವುದು. ಮನೆಯ ಗೋಡೆಯಲ್ಲಿ ಅದು ಗಾಳಿಗೆ ಹೋಗಿಬಿಡುತ್ತದೆ; ಅಣೆಕಟ್ಟಿನ ಗರ್ಭದಲ್ಲಿ ಹೊರಹೋಗಲು ದಾರಿಯಿಲ್ಲದೆ ನಿಂತು, ಮುಂದೆ ಆರುವಾಗ ಬಿರುಕುಬಿಡಿಸುವುದು. ಬೂದಿಯೂ ಕಿಟ್ಟವೂ ನಿಧಾನಿಗಳಾದುದರಿಂದ ಶಾಖವೂ ನಿಧಾನವಾಗಿ ಹುಟ್ಟುವುದು. ಭಾರತದಲ್ಲಿ ರಿಹಾಂದ್ ಅಣೆಕಟ್ಟಿನ ಕಾಂಕ್ರೀಟಿನಲ್ಲಿ ಹಾರುಬೂದಿಯನ್ನು ಬಳಸಿದರು. ೧೯೬೨ರಲ್ಲಿ ಪೊಜ್ಜೊಲಾನ ಸಿಮೆಂಟಿಗೂ ಮಾನಕವು ಬಂದಿತು.

ಮಾನಕವು ಬಂದರೂ ಬೂದಿಯ ರಾಶಿಯು ಬಹುಕಾಲ ಕರಗಲಿಲ್ಲ. ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶವು ಬಹಳ. ಮೂವತ್ತು ನಲವತ್ತು ಪಾಲಿನವರೆಗೂ ಇರುವುದುಂಟು. ವಿದ್ಯುದಾಗಾರಗಳು ಅದನ್ನು ನೀರಿನಲ್ಲಿ ಕದಡಿ ವಿಸ್ತಾರವಾದ ಹೊಂಡಗಳಿಗೆ ಹರಿಯಿಸುತ್ತಿದ್ದವು. ಬೇಸಗೆಯಲ್ಲಿ ಹೊಂಡವು ಒಣಗಿ ಗಾಳಿ ಎದ್ದರೆ ಸುತ್ತಣ ಊರುಗಳ ಮನೆಯಂಗಳ, ನೀರಿನ ಹಂಡೆ, ಬೆಳೆಯ ಎಲೆ ಎಲ್ಲವೂ ಬೂದಿಮಯ. ಈ ಪೀಡೆಯನ್ನು ನೋಡಿ ಕೇಂದ್ರ ಸರ್ಕಾರವು ೧೯೯೯ರ ಸೆಪ್ಟೆಂಬರಿನಲ್ಲಿ, ವಿದ್ಯುದಾಗಾರದ ಸಮೀಪದ ಇಟ್ಟಿಗೆ ಮುಂತಾದ ಉದ್ಯಮಗಳು ಬೂದಿಯನ್ನು ಬಳಸಲೇಬೇಕೆಂದು ಅಧಿಸೂಚನೆಯನ್ನು ಹೊರಡಿಸಿತು. ೨೦೨೧-೨೨ರಲ್ಲಿ ದೇಶದ ವಿದ್ಯುದಾಗಾರಗಳಲ್ಲಿ ಹುಟ್ಟಿದ ಬೂದಿಯು ಸುಮಾರು ೨೭ ಕೋಟಿ ಟನ್ನು. ಅದರಲ್ಲಿ ಸುಮಾರು ಕಾಲುಭಾಗವು ಸಿಮೆಂಟನ್ನು ಸೇರಿತು.

ಇನ್ನು ಗೃಹಸ್ಥನ ಸಂಶಯದ ವಿಚಾರ. ಕಾರ್ಖಾನೆಯಲ್ಲಿ ಮಾನಕಕ್ಕೆ ಅನುಸಾರವಾಗಿ, ಗಿರಣಿಯಲ್ಲಿ ಅರೆದು, ಚೀಲದ ಮೇಲೆ ಬರೆದು ಮಾರುವ ಮಿಶ್ರಣವು ಒಂದು. ಗೋದಾಮಿನ ಮೂಲೆಯಲ್ಲಿ ಚೀಲವನ್ನು ಬಿಚ್ಚಿ ಬೂದಿಯನ್ನು ತುರುಕಿ ಮತ್ತೆ ಹೊಲಿಯುವುದು ಇನ್ನೊಂದು. ದ್ರವ್ಯವು ಅದೇ ಬೂದಿಯಾಗಿದ್ದರೂ ಎರಡನೆಯದು ಕಳ್ಳತನವೇ ಸರಿ. ಮೊದಲನೆಯದರಲ್ಲಿಯೂ ಬಳಸುವವನು ಅರಿತಿರಬೇಕಾದ ಒಂದು ಕೊರತೆಯುಂಟು. ಕಿಟ್ಟದ ಸಿಮೆಂಟಾಗಲಿ ಬೂದಿಯ ಸಿಮೆಂಟಾಗಲಿ ಮೊದಲ ಕೆಲವು ದಿನಗಳಲ್ಲಿ ಹಿಂದುಳಿಯುವುದು, ಚಳಿಗಾಲದಲ್ಲಿ ಇನ್ನೂ ಹಿಂದುಳಿಯುವುದು. ತಿಂಗಳು ತುಂಬುವ ಹೊತ್ತಿಗೆ ಸಮಾನವಾಗಿ ಬಂದು, ಅನಂತರ ಅನೇಕ ವೇಳೆ ಮುಂದೆ ಸಾಗುವುದು. ಇಷ್ಟೆಲ್ಲ ಆಗಬೇಕಾದರೆ ನೀರು ಬೇಕು. ಸಾಮಾನ್ಯ ಸಿಮೆಂಟಿಗೆ ಏಳು ದಿನ ನೀರುಣಿಸಿದರೆ ಇದಕ್ಕೆ ಹತ್ತಕ್ಕೆ ಕಡಮೆಯಾಗಬಾರದು; ಬಿರುಬಿಸಿಲಿದ್ದರೆ ಎರಡು ವಾರ ಉಣಿಸಬೇಕು. ಆತುರದಿಂದ ಮೂರೇ ದಿನಕ್ಕೆ ನೀರನ್ನು ನಿಲ್ಲಿಸಿ, ವಾರದೊಳಗೆ ತೊಲೆಯ ಕೆಳಗಿನ ಆಸರೆಗಳನ್ನು ಕಿತ್ತು, ಬಿರುಕು ಕಂಡಾಗ ಕಿಟ್ಟವನ್ನು ಬಯ್ಯುವ ಮೇಸ್ತ್ರಿಗಳಿಗೆ ಕೊರತೆಯಿಲ್ಲ. ಕಿಟ್ಟದ ಕಾಂಕ್ರೀಟಿನ ಹಲಗೆಗಳನ್ನು ತೆಗೆದಾಗ ಕೆಲವು ವೇಳೆ ಮೈಮೇಲೆ ನೀಲಿಹಸುರು ಛಾಯೆಯು ತೋರಿ ಮನೆಯ ಯಜಮಾನನು ಗಾಬರಿಪಡುವುದೂ ಉಂಟು. ಅದು ಕಿಟ್ಟದಲ್ಲಿರುವ ಗಂಧಕದ ಆಟ. ಗಾಳಿ ತಗಲಿದ ಕೆಲವು ದಿನಗಳಲ್ಲಿ ತಾನಾಗಿ ಮಾಯವಾಗುವುದು.

ಕಿಟ್ಟ ಬೂದಿಗಳ ಮಾತು ಇಂದು ಮುಂಚಿಗಿಂತಲೂ ಹೆಚ್ಚಾಗಿ ಕೇಳಿಬರಲು ಕಾರಣವು ಬೇರೊಂದು. ಸುಣ್ಣಕಲ್ಲನ್ನು ಸುಟ್ಟರೆ ಅದರೊಳಗಿನ ಅಂಗಾರಾಮ್ಲವು ಹೊರಬೀಳಲೇಬೇಕು; ಅದು ಆ ಕಲ್ಲಿನ ಸ್ವಭಾವ, ಗೂಡಿನ ದೋಷವಲ್ಲ. ಉರಿಸಿದ ಇಂಧನದ ಹೊಗೆಯೂ ಅದಕ್ಕೆ ಕೂಡುವುದು. ಒಂದು ಟನ್ನು ಕ್ಲಿಂಕರಿಗೆ ಒಟ್ಟಿನಲ್ಲಿ ಮುಕ್ಕಾಲು ಟನ್ನಿಗೂ ಮಿಗಿಲಾದ ಅಂಗಾರಾಮ್ಲವಾಯುವು ಆಕಾಶಕ್ಕೆ ಏರುತ್ತದೆ. ಲೋಕದಲ್ಲಿ ಮನುಷ್ಯರಿಂದ ಹುಟ್ಟುವ ಆ ವಾಯುವಿನಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದೆಂದು ಎಣಿಸಿದ್ದಾರೆ. ಅರ್ಧ ಚೀಲವು ಕಿಟ್ಟವಾದರೆ ಆ ಅರ್ಧಕ್ಕೆ ಸುಣ್ಣಕಲ್ಲನ್ನು ಹೊಸದಾಗಿ ಸುಡಬೇಕಾಗಿಲ್ಲ, ಅದು ಕಬ್ಬಿಣದ ಕುಲುಮೆಯಲ್ಲಿಯೇ ಸುಟ್ಟಾಗಿದೆ. ಒಂದು ಕಾಲದಲ್ಲಿ ಕಲಬೆರಕೆಯೆಂದು ದೂಷಿಸಲ್ಪಟ್ಟ ಕೆಲಸವನ್ನೇ ಈಗ ಸರ್ಕಾರಗಳು ವಿಧಿಸುತ್ತಿವೆ.

ಇಷ್ಟರಲ್ಲಿ ಮತ್ತೊಂದು ವಿಚಿತ್ರವು ಒದಗಿದೆ. ಯೂರೋಪಿನಲ್ಲಿ ಕಲ್ಲಿದ್ದಲಿನ ವಿದ್ಯುದಾಗಾರಗಳು ಒಂದೊಂದಾಗಿ ಮುಚ್ಚುತ್ತಿವೆ, ಅಲ್ಲಿ ಹೊಸ ಬೂದಿಯು ದುರ್ಲಭ. ಇಂಗ್ಲೆಂಡಿನ ಕೊನೆಯ ಕಲ್ಲಿದ್ದಲಿನ ವಿದ್ಯುದಾಗಾರವು ೨೦೨೪ರ ಸೆಪ್ಟೆಂಬರಿನಲ್ಲಿ ನಿಂತಿತು. ಉಕ್ಕಿನವರು ಊದುಕುಲುಮೆಯನ್ನು ಬಿಟ್ಟು ಗುಜರಿ ಕಬ್ಬಿಣವನ್ನು ವಿದ್ಯುತ್ತಿನಿಂದ ಕರಗಿಸತೊಡಗಿದ್ದಾರೆ. ಅದರ ಕಿಟ್ಟಕ್ಕೆ ಈ ಗುಣವಿಲ್ಲ. ಹಿಂದೆ ಸುರಿದು ಮರೆತ ಬೂದಿಯ ಹೊಂಡಗಳನ್ನು ಈಗ ಗಣಿಗಳಂತೆ ಅಗೆಯುವವರಿದ್ದಾರೆ. ಕಶ್ಮಲವೆಂದು ಬಿಸುಟದ್ದಕ್ಕೇ ಬರ ಬಂದಿದೆ.

ಈ ಬರಕ್ಕೆ ಪರಿಹಾರವನ್ನು ಹುಡುಕಿದ ಪಂಡಿತರು ಜೇಡಿಯ ಬಳಿಗೇ ಹಿಂದಿರುಗಿದ್ದಾರೆ. ಸ್ವಿಜರ್ಲೆಂಡಿನ ಲೋಸಾನಿನಲ್ಲಿ ಕರೆನ್ ಸ್ಕ್ರಿವನರ್ ಎಂಬ ವಿದುಷಿಯೂ, ಕ್ಯೂಬಾ ದೇಶದ ಸಂಶೋಧಕರೂ, ದೆಹಲಿ ಮದರಾಸು ಮುಂಬಯಿಗಳ ಐ. ಐ. ಟಿ. ಆಚಾರ್ಯರೂ ಕೂಡಿ, ಅರ್ಧದಷ್ಟು ಕ್ಲಿಂಕರಿಗೆ ಸುಟ್ಟ ಜೇಡಿಯನ್ನೂ ಸುಡದ ಸುಣ್ಣಕಲ್ಲಿನ ಪುಡಿಯನ್ನೂ ಸೇರಿಸಿ ಒಂದು ಸಿಮೆಂಟನ್ನು ಸಿದ್ಧಪಡಿಸಿದರು. ಜೇಡಿಯನ್ನು ಏಳೆಂಟುನೂರು ಸೆಂಟಿಗ್ರೇಡಿನಲ್ಲಿ ಸುಟ್ಟರೆ ಸಾಕು. ಪಿಂಗಾಣಿಯವರಿಗೂ ಕಾಗದದವರಿಗೂ ಬೇಡವಾದ, ಗಣಿಗಳಲ್ಲಿ ಹೊರಗೆ ಎಸೆದ ಕೀಳುಜಾತಿಯ ಜೇಡಿಯೂ ಇದಕ್ಕೆ ಒದಗುವುದು. ಕಬ್ಬಿಣದ ಅಂಶವಿದ್ದರೆ ಸುಟ್ಟಾಗ ಪುಡಿಯು ಕೆಂಪಗಾಗುವುದೆಂದು ಕೊಳ್ಳುವವರು ಹಿಂದೆಗೆಯುವುದರಿಂದ, ಬೂದುಬಣ್ಣ ಬರುವಂತೆ ಸುಡುವ ಉಪಾಯವನ್ನೂ ಅವರು ಹುಡುಕಬೇಕಾಯಿತು. ಭಾರತೀಯ ಮಾನಕ ಬ್ಯೂರೋ ೨೦೨೩ರಲ್ಲಿ ಇದಕ್ಕೆ ೧೮೧೮೯ನೆಯ ಸಂಖ್ಯೆಯ ಮಾನಕವನ್ನು ಕೊಟ್ಟಿತು. ಹೆಸರು ಹೊಸದು, ಉದ್ದವಾದದ್ದು. ಕನ್ನಂಬಾಡಿಯ ಕಟ್ಟೆಗೆ ಗಾರೆ ಅರೆದವರ ಮುಂದೆ ಆ ಕೆಂಪುಪುಡಿಯನ್ನು ಇಟ್ಟಿದ್ದರೆ ಸುರ್ಕಿಯೆಂದೇ ಗುರುತಿಸುತ್ತಿದ್ದರು.